ಕರಿ ಎರಡು

ನಮ್ಮ ಕಾಕಾ ಮ್ಯಾಂಡೊಲಿನ್ ನುಡಿಸುವುದನ್ನು ಬಿಟ್ಟು ಇಪ್ಪತ್ತು ವರ್ಷಗಳಾದವು. ಬೈಯುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಐದೂವರೆಗೆ ನಾನು ಮಾಳಿಗೆಯ ಮೇಲೆ ಕುಳಿತು ಅಭ್ಯಾಸ ಆರಂಭಿಸುತ್ತೇನೆ. ಕೆಳಗೆ ಅಂಗಳದಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡು ನಿಂತ ಅವರ ತಲೆ ನಿಧಾನವಾಗಿ ಮೇಲಕ್ಕೆ ಏಳುತ್ತದೆ. "ಅದು ನುಡಿಸುವ ವಾದ್ಯ ತಮ್ಮಾ, ನೀನು ಬಡಿಯುತ್ತಿದ್ದೀಯಲ್ಲ!"

ಅವರ ಮಾತಿನಲ್ಲಿ ತಪ್ಪಿಲ್ಲ. ಆ ಹೊತ್ತಿನಲ್ಲಿ ನಾನು ನಿಜಕ್ಕೂ ಬಡಿಯುತ್ತಲೇ ಇರುತ್ತೇನೆ. ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲಿ ಮ್ಯಾಂಡೊಲಿನ್‌ಗೆ ಸಂಬಳ ಸಿಗುವುದು ಹೆಚ್ಚಾಗಿ ಬಡಿಯುವುದಕ್ಕೇ. ಆದರೆ ಕಾಕಾನಿಗೆ ಅದನ್ನು ವಿವರಿಸಿ ಹೇಳುವ ಧೈರ್ಯ ನನಗೆ ಬಹಳ ದಿನ ಬರಲಿಲ್ಲ, ಯಾಕೆಂದರೆ ನಾನು ಹಿಡಿದಿರುವ ವಾದ್ಯ ಅವರದೇ.

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕಾಕಾ ಒಂದು ಆರ್ಕೆಸ್ಟ್ರಾದಲ್ಲಿದ್ದರು. ಸೊಲ್ಲಾಪುರದಿಂದ ಹೈದರಾಬಾದಿನವರೆಗೆ ಎಲ್ಲಿ ಮದುವೆಯಾದರೂ ಅವರ ತಂಡ ಹಿಂದಿ ಚಿತ್ರಗೀತೆಗಳನ್ನು ಹೊತ್ತುಕೊಂಡು ಹೋಗುತ್ತಿತ್ತು. ಆ ಕಾಲದ ಹಿಂದಿ ಚಿತ್ರಸಂಗೀತದಲ್ಲಿ ಮ್ಯಾಂಡೊಲಿನ್‌ಗೆ ಒಳ್ಳೆಯ ಮರ್ಯಾದೆಯಿತ್ತು. ಸಂಗೀತ ನಿರ್ದೇಶಕ ಸಜ್ಜಾದ್ ಹುಸೇನರು ಆ ವಾದ್ಯದಲ್ಲಿ ದೊಡ್ಡ ಹೆಸರು. ಆ ಹೆಸರು ಬಾಯಿಗೆ ಬಂದರೆ ಕಾಕಾನ ಕೈ ತಾನಾಗಿ ಕಿವಿಯ ಹಾಲೆಗೆ ಹೋಗುತ್ತದೆ. ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಲಕ್ಷ್ಮೀಕಾಂತರು ಕೂಡ ಮೂಲತಃ ಮ್ಯಾಂಡೊಲಿನ್ ವಾದಕರು. ಕಾಕಾನ ಬಳಿ ಇದ್ದದ್ದು ಆ ಪರಂಪರೆಯ ಕೈ: ಮಣಿಕಟ್ಟನ್ನು ಸಡಿಲ ಬಿಟ್ಟು, ಪಿಕ್ಕನ್ನು, ಅಂದರೆ ಮೀಟುವ ಬಿಲ್ಲೆಯನ್ನು, ಕೆಳಕ್ಕೂ ಮೇಲಕ್ಕೂ ಎಡೆಬಿಡದೆ ಆಡಿಸಿ, ಒಂದು ಸ್ವರವನ್ನು ನೀರಿನ ಮೇಲೆ ಬಿದ್ದ ಬಿಸಿಲಿನಂತೆ ನಡುಗಿಸುವುದು. ಮ್ಯಾಂಡೊಲಿನ್‌ನ ನಾದಕ್ಕೆ ಆಯುಷ್ಯ ಕಡಿಮೆ. ಮೀಟಿದ ಕ್ಷಣಕ್ಕೆ ಕಿಣಿ ಎಂದು ಸತ್ತುಹೋಗುತ್ತದೆ. ಅದನ್ನು ಬದುಕಿಸಿಡಲು ಈ ನಡುಕ, ಅಂದರೆ ಟ್ರೆಮೊಲೊ, ಬೇಕು.

ನಾನು ಕಲಬುರಗಿಯ ಕಪನೂರಿನ ಕಡೆಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ನಲವತ್ತು ದಾಟಿದ ಮೇಲೆ, ಒಂದು ದೀಪಾವಳಿಯ ಮನೆ ಸ್ವಚ್ಛತೆಯಲ್ಲಿ ಅಟ್ಟದಿಂದ ಈ ವಾದ್ಯ ಕೆಳಗೆ ಇಳಿಯಿತು. ಎಂಟು ತಂತಿಗಳಲ್ಲಿ ಮೂರು ಹರಿದಿದ್ದವು. ಹೊಸ ತಂತಿ ಹಾಕಿಸಿ, ಶ್ರುತಿ ಮಾಡುವುದು ಹೇಗೆಂದು ಮೊಬೈಲಿನಲ್ಲಿ ಹುಡುಕಿದಾಗ ಎದುರಾದವನು ಬ್ಲೂಗ್ರಾಸ್‌ನ ಪಿತಾಮಹ ಎನಿಸಿದ ಬಿಲ್ ಮನ್ರೋ. ತಲೆಗೆ ಹ್ಯಾಟು, ಮೈಗೆ ಕೋಟು, ಮದುವೆಗೆ ಬಂದ ಹಿರಿಯರ ಗಾಂಭೀರ್ಯ. ಕೈ ಮಾತ್ರ ಜರಡಿ ಯಂತ್ರದ ವೇಗ. ಅಂದು ರಾತ್ರಿ ಒಂದೂವರೆಯ ತನಕ ಕೇಳಿದೆ. ಕಾಕಾ ನಡುಗಿಸುತ್ತಿದ್ದ ವಾದ್ಯ ಹೀಗೂ ಇರಬಹುದೇ ಎಂಬ ಬೆರಗು.

ಮನ್ರೋನ ಕಥೆ ನಮ್ಮ ಊರಿನ ಕೂಡು ಕುಟುಂಬದ ಕಥೆಯ ಹಾಗೇ ಇದೆ. 1911ರಲ್ಲಿ ಕೆಂಟಕಿಯ ರೋಸೀನ್ ಎಂಬ ಊರಿನಲ್ಲಿ, ಎಂಟು ಮಕ್ಕಳ ಮನೆಗೆ ಕೊನೆಯವನಾಗಿ ಹುಟ್ಟಿದ. ಪಿಟೀಲು ಒಬ್ಬ ಅಣ್ಣನ ಪಾಲಾಗಿತ್ತು, ಗಿಟಾರು ಇನ್ನೊಬ್ಬನದು. ಕಿರಿಯನಿಗೆ ಉಳಿದದ್ದು ಯಾರಿಗೂ ಬೇಡವಾದ ಮ್ಯಾಂಡೊಲಿನ್. ಅದರಲ್ಲೂ ಸದ್ದು ಹೆಚ್ಚಾಗಬಾರದೆಂದು ಅಣ್ಣಂದಿರು ಎಂಟರಲ್ಲಿ ನಾಲ್ಕು ತಂತಿಗಳನ್ನು ಬಿಚ್ಚಿಸಿದ್ದರಂತೆ. ಹತ್ತನೆಯ ವಯಸ್ಸಿಗೆ ತಾಯಿ ಹೋದಳು, ಹದಿನಾರಕ್ಕೆ ತಂದೆ. ಆಮೇಲೆ ಅವನನ್ನು ಇಟ್ಟುಕೊಂಡವನು ಪಿಟೀಲು ನುಡಿಸುತ್ತಿದ್ದ ಪೆಂಡಲ್ಟನ್ ವ್ಯಾಂಡಿವರ್. ಅವರ ಭಾಷೆಯಲ್ಲಿ ಬರೀ 'ಅಂಕಲ್'. ತಾಯಿಯ ಅಣ್ಣ ಎಂದು ತಿಳಿದಾಗ ನನಗೆ ಕಥೆಯ ಬಣ್ಣವೇ ಬದಲಾಯಿತು: ಅವನು ಸೋದರಮಾವ. ತಾಯಿಯಿಲ್ಲದ ಹುಡುಗನನ್ನು ಸೋದರಮಾವ ಸಾಕುವುದು ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಣಿತದ ಕೂಟಗಳಲ್ಲಿ ಹುಡುಗ ಸಾಥ್ ಕೊಡುತ್ತಿದ್ದದ್ದು ಈ ಮಾವನಿಗೆ ಮತ್ತು ಆರ್ನಲ್ಡ್ ಶುಲ್ಟ್ಸ್ ಎಂಬ ಕಪ್ಪು ಜನಾಂಗದ ಸಂಗೀತಗಾರನಿಗೆ. ಬ್ಲೂಗ್ರಾಸ್‌ನೊಳಗೆ ಕಪ್ಪು ಜನರ ಹಾಡುಗಾರಿಕೆಯಾದ ಬ್ಲೂಸ್‌ನ ಎಳೆ ಹೊಕ್ಕಿದ್ದರಲ್ಲಿ ಈ ಎರಡನೆಯವನ ಪಾಲು ದೊಡ್ಡದು; ಮನ್ರೋ ಕೊನೆಯವರೆಗೂ ಅವನನ್ನು ನೆನೆಯುತ್ತಿದ್ದ.

ಇನ್ನು ಬಡಿಯುವ ವಿಷಯ. ಬ್ಲೂಗ್ರಾಸ್ ತಂಡದಲ್ಲಿ ಸಾಮಾನ್ಯವಾಗಿ ಡ್ರಮ್ ಇರುವುದಿಲ್ಲ. ಒಂದು ಮತ್ತು ಮೂರನೆಯ ಮಾತ್ರೆಗಳಲ್ಲಿ ಬಾಸ್ ಎಂಬ ದಪ್ಪ ದನಿಯ ದೊಡ್ಡ ತಂತಿವಾದ್ಯ ಗುಂ ಎನ್ನುತ್ತದೆ. ಎರಡು ಮತ್ತು ನಾಲ್ಕರಲ್ಲಿ ಮ್ಯಾಂಡೊಲಿನ್ ಚಕ್ ಎನ್ನಬೇಕು. ಇದಕ್ಕೆ ಚಾಪ್ ಎನ್ನುತ್ತಾರೆ. ಹೆಸರು ಕೇಳಿದರೆ ಬಲಗೈಯ ಕೆಲಸ ಅನಿಸುತ್ತದೆ. ನಾನೂ ಹಾಗೇ ತಿಳಿದು ಮೂರು ತಿಂಗಳು ಬಲಗೈ ನೋಯಿಸಿಕೊಂಡೆ. ಅಸಲು ಕೆಲಸ ಎಡಗೈಯದು. ನಾಲ್ಕೂ ಜೋಡಿ ತಂತಿಗಳನ್ನು ಒತ್ತಿ ಹಿಡಿದು, ಬಲಗೈ ಹೊಡೆದ ಮರುಕ್ಷಣವೇ ಬೆರಳುಗಳನ್ನು ಎತ್ತದೆಯೇ ಒತ್ತಡವನ್ನು ಮಾತ್ರ ಸಡಿಲಿಸಬೇಕು. ನಾದ ಹುಟ್ಟುತ್ತಿದ್ದ ಹಾಗೆಯೇ ಕತ್ತು ಹಿಸುಕಿದಂತೆ ನಿಲ್ಲುತ್ತದೆ. ಜಿ ಮೇಜರ್ ಎಂಬ ಸ್ವರಮೇಳದ ಪ್ರಸಿದ್ಧ ಚಾಪ್ ಹಿಡಿತ ದಪ್ಪ ತಂತಿಯಿಂದ ಆರಂಭಿಸಿ 7, 5, 2, 3ನೆಯ ಮೆಟ್ಟುಗಳಲ್ಲಿ, ಅಂದರೆ ಕೊರಳಿನ ಮೇಲಿನ ಲೋಹದ ಪಟ್ಟಿಗಳಲ್ಲಿ, ಬರುತ್ತದೆ. ಓದಲು ಫೋನ್ ನಂಬರಿನಂತಿದೆ. ಕಿರುಬೆರಳನ್ನು ಏಳನೆಯ ಮೆಟ್ಟಿಗೆ ಚಾಚಿ, ತೋರುಬೆರಳನ್ನು ಎರಡನೆಯದಕ್ಕೆ ಎಳೆದು ಕೂತರೆ, ರೊಟ್ಟಿ ತಟ್ಟುವ ಕೈಗೂ ಬಾರದಷ್ಟು ಸೆಳೆತ ಅಂಗೈಗೆ ಬರುತ್ತದೆ.

ಸೆಳೆತ ಹೋಯಿತು, ಅದಕ್ಕೆ ಅಭ್ಯಾಸ ಸಾಕು. ಹೋಗದೆ ಉಳಿದದ್ದು ಕಾಲು. ನಾನು ಚಿಕ್ಕಂದಿನಿಂದ ಭಜನೆಯ ಮನೆಯಲ್ಲಿ ಬೆಳೆದವನು. ತಾಳ ಹಿಡಿದ ಕೈ ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ, ಬೀಳುತ್ತದೆ, ಕಾಲೂ ಸಮಕ್ಕೆ ಬೀಳುತ್ತದೆ. ಸಮವನ್ನು ಬಿಟ್ಟು ಎರಡಕ್ಕೆ ಹೊಡೆ ಎಂದರೆ ಕಾಲು ಒಪ್ಪುವುದಿಲ್ಲ. ನಾಲ್ಕು ಆವರ್ತ ಮುಗಿಯುವಷ್ಟರಲ್ಲಿ ಎರಡನ್ನೇ ಒಂದು ಮಾಡಿಕೊಂಡು ಕೂತಿರುತ್ತದೆ. ಇದಕ್ಕೆ ಔಷಧ ಸಿಕ್ಕಿದ್ದು ಮಿಲ್ಲಿನಲ್ಲಿ. ತೊಗರಿ ಒಡೆಯುವ ಮೊದಲು ಕಾಳನ್ನು ಉರುಳೆಯಲ್ಲಿ ಉಜ್ಜಿ, ಎಣ್ಣೆ ನೀರು ಸವರಿ, ಅಂಗಳದಲ್ಲಿ ಬಿಸಿಲಿಗೆ ಹರವಿ ಒಣಗಿಸುತ್ತಾರೆ. ಆಮೇಲೆ ಸಿಪ್ಪೆ ತೆಗೆದು ಒಡೆಯುವುದು, ಜರಡಿ ಹಿಡಿಯುವುದು. ಆ ಜರಡಿ ಮುಂದಕ್ಕೆ ಹೋಗುವಾಗ ಮೆಲ್ಲಗೆ, ಹಿಂದಕ್ಕೆ ಎಳೆಯುವಾಗ ಝರ್ ಎಂದು ಜೋರಾಗಿ ಸದ್ದು ಮಾಡುತ್ತದೆ. ಲೆಕ್ಕದ ಪುಸ್ತಕದ ಮುಂದೆ ಕೂತು, ಮೆಲ್ಲನೆಯ ಸದ್ದನ್ನು ಒಂದು ಎಂದೂ ಜೋರಿನದನ್ನು ಎರಡು ಎಂದೂ ಎಣಿಸತೊಡಗಿದೆ. ಹದಿನೈದು ದಿನಗಳಲ್ಲಿ ಕಾಲು ಬಗ್ಗಿತು. ಒಂದು ದಿನ ಮಾಲೀಕರ ಮುಂದೆ ಮೇಜಿನ ಕೆಳಗೆ ಕಾಲು ಕುಟ್ಟುತ್ತಿದ್ದಾಗ, "ಏನು ಅವಸರ, ಹೊರಗೆ ಹೋಗಬೇಕೇ?" ಎಂದು ಕೇಳಿದರು.

ಅಮೆರಿಕದ್ದೇ ಇನ್ನೊಂದು ಸಂಗೀತವಾದ ಜಾಜ್‌ಗೆ ನಾನು ಬಂದದ್ದು ಹಿಂಬಾಗಿಲಿನಿಂದ. ಬ್ಲೂಗ್ರಾಸ್ ಕೇಳುತ್ತ ಹೋದಂತೆ ಡೇವಿಡ್ ಗ್ರಿಸ್ಮನ್ ಸಿಕ್ಕಿದ. 1977ರಲ್ಲಿ ತನ್ನ ಐವರ ತಂಡದ ಧ್ವನಿಮುದ್ರಿಕೆಯಲ್ಲಿ ಅವನು ಬ್ಲೂಗ್ರಾಸ್ ವಾದ್ಯಗಳನ್ನೇ ಇಟ್ಟುಕೊಂಡು ಜಾಜ್‌ನ ಹಾದಿ ಹಿಡಿದ. ಆ ಬೆರಕೆಗೆ ತನ್ನ ಅಡ್ಡಹೆಸರನ್ನೇ ಕೊಟ್ಟು 'ಡಾಗ್ ಮ್ಯೂಸಿಕ್' ಎಂದು ಕರೆದ. ಅವನಿಂದ ಹಿಂದಕ್ಕೆ ಹೋದರೆ ಜೆತ್ರೊ ಬರ್ನ್ಸ್. 1920ರಲ್ಲಿ ಹುಟ್ಟಿದ ಈತ ಊಟಕ್ಕೆ ದುಡಿದದ್ದು ಹಾಸ್ಯದ ಹಾಡುಗಾರಿಕೆಯಲ್ಲಿ, 'ಹೋಮರ್ ಅಂಡ್ ಜೆತ್ರೊ' ಎಂಬ ಜೋಡಿಯಾಗಿ. ನಗಿಸುವುದರ ನಡುವೆಯೇ ಮ್ಯಾಂಡೊಲಿನ್‌ನಲ್ಲಿ ಶುದ್ಧ ಜಾಜ್ ನುಡಿಸುತ್ತಿದ್ದ. ನಮ್ಮ ಕಂಪನಿ ನಾಟಕಗಳಲ್ಲಿ ಹಾಸ್ಯದ ಪಾತ್ರಧಾರಿಗಳು ತೆರೆಯ ಹಿಂದೆ ಒಳ್ಳೆಯ ಹಾರ್ಮೋನಿಯಂ ನುಡಿಸುವವರಾಗಿರುತ್ತಿದ್ದರಂತೆ ಎಂದು ಕಾಕಾ ಹೇಳುವುದು ನೆನಪಾಯಿತು. ಬರ್ನ್ಸ್‌ನನ್ನು ಕೇಳಿಸಿದಾಗ ಕಾಕಾ ಮೊದಲ ಬಾರಿಗೆ ಬೈಯಲಿಲ್ಲ. "ಇವನಿಗೆ ಕೈ ಇದೆ," ಎಂದರು. ಮನ್ರೋನಿಗೆ ಆ ಭಾಗ್ಯ ಈವರೆಗೆ ಸಿಕ್ಕಿಲ್ಲ.

ಎರಡನ್ನೂ ಕಲಿಯುತ್ತೇನೆ ಎಂದು ಹೊರಟದ್ದು ದುರಾಸೆ. ನನಗಿರುವುದು ದಿನಕ್ಕೆ ಮುಕ್ಕಾಲು ಗಂಟೆ. ಸೋಮ, ಬುಧ, ಶುಕ್ರ ಬ್ಲೂಗ್ರಾಸ್. ಮಂಗಳ, ಗುರು, ಶನಿ ಜಾಜ್ ಎಂದು ಶಾಲೆಯ ವೇಳಾಪಟ್ಟಿಯಂತೆ ಹಂಚಿದೆ. ಫಲ ಹೀಗಾಯಿತು: ಬ್ಲೂಗ್ರಾಸ್ ಕುಂಟತೊಡಗಿತು, ಜಾಜ್ ಪೊಲೀಸ್ ಪರೇಡಿನಂತೆ ನಡೆಯತೊಡಗಿತು. ಕಾರಣ ಸ್ಪಷ್ಟವಿದೆ. ಬ್ಲೂಗ್ರಾಸ್‌ನಲ್ಲಿ ಮಾತ್ರೆಯನ್ನು ಎರಡು ಸಮಭಾಗ ಮಾಡಿ, ಕೆಳಗೆ-ಮೇಲೆ ಕೆಳಗೆ-ಮೇಲೆ ಎಂದು ಪಿಕ್ ಒಂದೇ ಹದದಲ್ಲಿ ಓಡಬೇಕು. ತಂಡದ ಎಲ್ಲರೂ ಸ್ವಲ್ಪ ಮುಂದಕ್ಕೆ ವಾಲಿಕೊಂಡೇ ನಡೆಯುತ್ತಾರೆ. ಜಾಜ್‌ನ ಸ್ವಿಂಗ್‌ನಲ್ಲಿ ಅದೇ ಎರಡು ಭಾಗ ಉದ್ದ-ಗಿಡ್ಡ, ಉದ್ದ-ಗಿಡ್ಡ. ಒತ್ತು ಹೆಚ್ಚಾಗಿ ಮೇಲಿನ ಹೊಡೆತಕ್ಕೆ. ನಡಿಗೆ ಊಟವಾದ ಮೇಲಿನದು. ದಿನ ಬಿಟ್ಟು ದಿನ ಎರಡು ಬಗೆಯ ನಡಿಗೆ ಕಲಿಸಿದರೆ ಮಣಿಕಟ್ಟು ಏನು ಮಾಡೀತು?

ಆಗ ವೇಳಾಪಟ್ಟಿ ಹರಿದು ಹಾಕಿ, ಒಂದೇ ಒಂದು ಧಾಟಿಯನ್ನು ಹಿಡಿದುಕೊಂಡೆ. ಪಿಟೀಲಿಗೆಂದು ಹುಟ್ಟಿದ ಹಳೆಯ ಕುಣಿತದ ಧಾಟಿ. ಇಂಥವು ಸಾಮಾನ್ಯವಾಗಿ ಎರಡು ತುಂಡು; ಒಂದೊಂದೂ ಎಂಟು ಬಾರ್, ಅಂದರೆ ಅವರ ತಾಳದ ಎಂಟು ಆವರ್ತ; ಪ್ರತಿ ತುಂಡನ್ನೂ ಎರಡೆರಡು ಸಲ ನುಡಿಸಿದರೆ 32. ಜಾಜ್‌ನ ಎಷ್ಟೋ ಹಾಡುಗಳದ್ದೂ ಇದೇ 32 ಬಾರ್‌ಗಳ ಅಳತೆ, ಆದರೆ ಮಡಿಕೆ ಬೇರೆ: ಮೊದಲ ತುಂಡು ಎರಡು ಸಲ, ನಡುವೆ ಹೊಸದೊಂದು, ಮತ್ತೆ ಮೊದಲಿನದು. ಅದೇ ಒಂಬತ್ತು ವಾರಿ ಸೀರೆ, ಉಡುವ ರೀತಿ ಎರಡು. ಧಾಟಿಯನ್ನು ಒಮ್ಮೆ ಸಮಸಮ ನುಡಿಸುವುದು, ಮರು ಸುತ್ತಿನಲ್ಲಿ ಉದ್ದ-ಗಿಡ್ಡ ಮಾಡಿ ನುಡಿಸುವುದು. ಲಯ ಎಣಿಸುವ ಯಂತ್ರವಾದ ಮೆಟ್ರೊನೋಮ್ ಎರಡೂ ಸುತ್ತಿಗೆ ಎರಡು-ನಾಲ್ಕರಲ್ಲೇ ಟಕ್ ಎನ್ನಬೇಕು. ಯಾಕೆಂದರೆ ಬ್ಲೂಗ್ರಾಸ್‌ನ ಚಾಪ್ ಬೀಳುವ ಜಾಗದಲ್ಲೇ ಜಾಜ್ ಡ್ರಮ್ಮರನ ಎಡಗಾಲು ಕಂಚಿನ ತಟ್ಟೆಗಳ ಜೋಡಿಯನ್ನು ಮುಚ್ಚುತ್ತದೆ. ಎರಡೂ ಸಂಗೀತಗಳು ಜಗಳವಾಡದೆ ಕೂರುವ ಜಗಲಿ ಅದೊಂದೇ ಎಂದು ನನಗೆ ಅನ್ನಿಸಿದೆ.

ಇದಾದ ಮೇಲೆ ಕಂಡದ್ದು ಖಾಲಿ ತಂತಿಯ ಸಮಸ್ಯೆ. ಮ್ಯಾಂಡೊಲಿನ್‌ನ ನಾಲ್ಕು ಜೋಡಿಗಳು ಪಿಟೀಲಿನಂತೆ ಜಿ, ಡಿ, ಎ, ಇ. ನಮ್ಮ ಲೆಕ್ಕದಲ್ಲಿ ಹೇಳಿದರೆ ಪ್ರತಿ ತಂತಿಯೂ ತನ್ನ ಕೆಳಗಿನದಕ್ಕೆ ಪಂಚಮ. ಡಿ ತಂತಿಯ ಏಳನೆಯ ಮೆಟ್ಟನ್ನು ಕಿರುಬೆರಳಿನಿಂದ ಒತ್ತಿದರೆ ಬರುವುದು ಎ. ಪಕ್ಕದ ತಂತಿಯನ್ನು ಏನೂ ಒತ್ತದೆ ಮೀಟಿದರೂ ಎ. ಸ್ವರ ಒಂದೇ, ಸ್ವಭಾವ ಬೇರೆ. ಖಾಲಿ ತಂತಿ ಅಂಗಳದಲ್ಲಿ ಕೂಗಿದ ಹಾಗೆ, ಮೊಳಗುತ್ತ ಹೋಗುತ್ತದೆ. ಮುಂದಿನ ಸ್ವರ ಬಂದರೂ ಅದರ ಬಾಲ ಇನ್ನೂ ಇರುತ್ತದೆ. ಒತ್ತಿದ ಸ್ವರ ಬೆರಳು ಇರುವ ತನಕ ಇದ್ದು, ಬೆರಳು ಸಡಿಲಿಸಿದರೆ ಬಾಯಿ ಮುಚ್ಚುತ್ತದೆ. ಬ್ಲೂಗ್ರಾಸ್ ವಾದಕ ಅವಕಾಶ ಸಿಕ್ಕಲ್ಲೆಲ್ಲ ಖಾಲಿ ತಂತಿ ಹುಡುಕುತ್ತಾನೆ, ಆ ಮೊಳಗಿನಲ್ಲೇ ಅವನ ವೇಗ ಮತ್ತು ಉಲ್ಲಾಸ. ಜಾಜ್‌ನವನು ಅದನ್ನು ತಪ್ಪಿಸುತ್ತಾನೆ. ಸ್ವರ ಎಲ್ಲಿ ನಿಲ್ಲಬೇಕು ಎಂಬುದು ಬೆರಳಿನ ಹತೋಟಿಯಲ್ಲಿರಬೇಕು ಎಂಬುದು ಅವನ ಹಟ. ಜೊತೆಗೆ ಖಾಲಿ ತಂತಿಯಿಲ್ಲದ ಬೆರಳುಗಾರಿಕೆಯನ್ನು ಅನಾಮತ್ತಾಗಿ ಎತ್ತಿ ಎಲ್ಲಿಗೆ ಬೇಕಾದರೂ ಇಡಬಹುದು. ಜಾಜ್‌ನಲ್ಲಿ ಗಾಯಕರ ಗಂಟಲಿಗೆ ತಕ್ಕಂತೆ, ತುತ್ತೂರಿಯವರ ಅನುಕೂಲಕ್ಕೆ ತಕ್ಕಂತೆ ಶ್ರುತಿ ಬದಲಾಗುತ್ತಲೇ ಇರುತ್ತದೆ.

ನನ್ನ ಕಿರುಬೆರಳು ಸೋಮಾರಿ. ಖಾಲಿ ತಂತಿಯ ಆಸರೆ ಇದ್ದಷ್ಟು ದಿನ ಅದು ಕೆಲಸಕ್ಕೆ ಬರಲೇ ಇಲ್ಲ.

ಜಾಜ್‌ನ ಸ್ವರಮೇಳಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳ, ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ, ಏಕೆಂದರೆ ಅದು ನನಗೆ ಸಿಕ್ಕ ದೊಡ್ಡ ಉಳಿತಾಯ. ಅಲ್ಲಿ ಎರಡು-ಐದು-ಒಂದು ಎಂಬ ಮೂರು ಮೇಳಗಳ ಸಾಲು ಮತ್ತೆ ಮತ್ತೆ ಬರುತ್ತದೆ. ಪುಸ್ತಕದ ಹಿಡಿತಗಳನ್ನು ನೋಡಿದರೆ ನಾಲ್ಕು ಬೆರಳೂ ಮೂರು ಸಲ ಜಾಗ ಬದಲಿಸಬೇಕು. ಆದರೆ ಪ್ರತಿ ಮೇಳದ ಗುಟ್ಟು ಇರುವುದು ಅದರ ಮೂರನೆಯ ಮತ್ತು ಏಳನೆಯ ಸ್ವರಗಳಲ್ಲಿ. ಅವೆರಡನ್ನೇ ಇಟ್ಟುಕೊಂಡರೆ, ಸಿ ಶ್ರುತಿಯಲ್ಲಿ ಹೀಗಾಗುತ್ತದೆ: ಡಿ ತಂತಿಯ ಮೂರು, ಎ ತಂತಿಯ ಮೂರು, ಆಮೇಲೆ ಡಿ ತಂತಿ ಅಲ್ಲೇ, ಎ ತಂತಿಯದು ಎರಡಕ್ಕೆ, ಕೊನೆಗೆ ಎ ತಂತಿ ಅಲ್ಲೇ, ಡಿ ತಂತಿಯದೂ ಎರಡಕ್ಕೆ. ಒಂದು ಬೆರಳು ಒಂದು ಮೆಟ್ಟು ಇಳಿಯಿತು, ಇನ್ನೊಂದು ಬೆರಳು ಒಂದು ಮೆಟ್ಟು ಇಳಿಯಿತು, ಅಷ್ಟೇ. ಉಳಿದದ್ದನ್ನು ಬಾಸ್ ಹೇಳಿಕೊಳ್ಳುತ್ತದೆ, ಕೇಳುವವರ ಕಿವಿ ತುಂಬಿಕೊಳ್ಳುತ್ತದೆ. ಎಂಟು ತಂತಿಯ ವಾದ್ಯದಲ್ಲಿ ಎರಡೇ ಸ್ವರ ನುಡಿಸಿ ಸುಮ್ಮನಿರುವುದು ನನ್ನಂಥ ಬಡಿಯುವವನಿಗೆ ಉಪವಾಸ ಹಿಡಿದಷ್ಟು ಕಷ್ಟವಾಯಿತು.

ಇಷ್ಟೆಲ್ಲ ಕಲಿತು ಬೀಗಿದವನಿಗೆ ಪಾಠವಾದದ್ದು ಯುಗಾದಿಯ ಹಿಂದಿನ ಅಮಾವಾಸ್ಯೆಯ ರಾತ್ರಿ.

ನಮ್ಮ ಓಣಿಯ ಗುಡಿಯಲ್ಲಿ ಅಮಾವಾಸ್ಯೆಗೊಮ್ಮೆ ತತ್ವಪದಗಳ ಭಜನೆ ನಡೆಯುತ್ತದೆ. ಕಡಕೋಳ ಮಡಿವಾಳಪ್ಪನವರ ಕಾಲದಿಂದ ಈ ಸೀಮೆಯಲ್ಲಿ ಹರಿದು ಬಂದಿರುವ ಹಾಡುಗಾರಿಕೆ ಅದು. ಏಕತಾರಿ, ದಮ್ಮಡಿ ಎಂಬ ಚರ್ಮವಾದ್ಯ, ತಾಳ, ಒಂದು ಹಾರ್ಮೋನಿಯಂ. ಹಾಡುವವರು ಹಗಲೆಲ್ಲ ಹೊಲದಲ್ಲೋ ಗಾರೆ ಕೆಲಸದಲ್ಲೋ ದುಡಿದು ಬಂದವರು. ನಾನು ಹುಡುಗನಾಗಿದ್ದಾಗ ತಾಳ ಹಿಡಿದು ಕೂರುತ್ತಿದ್ದ ಮೂಲೆಯಲ್ಲೇ ಈಗ ಮ್ಯಾಂಡೊಲಿನ್ ಹಿಡಿದು ಕುಳಿತೆ. ಮುಖ್ಯ ಹಾಡುಗಾರರು ಎಪ್ಪತ್ತು ದಾಟಿದ ಮುತ್ಯಾ. ಹಾರ್ಮೋನಿಯಂನವನನ್ನು ನೋಡಿ, "ಕರಿ ಎರಡು" ಎಂದರು.

ಕರಿ ಎರಡು ಎಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮಣೆ. ಪಾಶ್ಚಾತ್ಯ ಲೆಕ್ಕದಲ್ಲಿ ಇ ಫ್ಲಾಟ್. ನನ್ನ ವಾದ್ಯದ ನಾಲ್ಕು ಖಾಲಿ ತಂತಿಗಳಲ್ಲಿ ಅದರ ಷಡ್ಜವೂ ಇಲ್ಲ, ಪಂಚಮವೂ ಇಲ್ಲ. ಎ ತಂತಿ ಅಲ್ಲಿ ತೀವ್ರ ಮಧ್ಯಮವಾಗುತ್ತದೆ, ಇ ತಂತಿ ಕೋಮಲ ರಿಷಭ. ಹಾಡು ಎಲ್ಲ ಶುದ್ಧ ಸ್ವರಗಳದ್ದು. ಕೈ ಅಭ್ಯಾಸಬಲದಿಂದ ಖಾಲಿ ತಂತಿಗೆ ಹೋದಾಗಲೆಲ್ಲ ಊಟದ ಪಂಕ್ತಿಯ ನಡುವೆ ಚಪ್ಪಲಿ ಮೆಟ್ಟಿಕೊಂಡು ನಡೆದಂತೆ ಕೇಳಿಸಿತು. ಹೆದರಿ ಸ್ವರಗಳನ್ನು ಬಿಟ್ಟೆ, ಚಾಪ್ ಹಿಡಿದೆ. ಎರಡಕ್ಕೆ ಚಕ್, ನಾಲ್ಕಕ್ಕೆ ಚಕ್. ಪದ ಮುಗಿದ ಮೇಲೆ ದಮ್ಮಡಿಯವನು ವಾದ್ಯವನ್ನು ತೊಡೆಯ ಮೇಲಿಟ್ಟು, ಬಹಳ ಮರ್ಯಾದೆಯಿಂದ ಕೇಳಿದ: "ಅಣ್ಣಾ, ನನ್ನ ಕೆಲಸವನ್ನು ನೀವೇ ಮಾಡಿದರೆ ನಾನು ಚಹಾ ಕುಡಿದು ಬರಲೇ?" ಎಲ್ಲರೂ ನಕ್ಕರು. ಮುತ್ಯಾ ಮಾತ್ರ ನಗದೆ, "ಇರಲಿ, ಕೈಯಲ್ಲಿ ಹಿಡಿದುಕೊಂಡು ಕುಳಿತಿರಿ. ಎಲ್ಲಿ ಬೇಕೋ ಅದೇ ಕೇಳುತ್ತದೆ," ಎಂದರು. ರಾತ್ರಿ ಮೂರರವರೆಗೆ ಹಿಡಿದುಕೊಂಡು ಕುಳಿತಿದ್ದೆ. ಅದು ಏನನ್ನೂ ಕೇಳಲಿಲ್ಲ.

ದಮ್ಮಡಿಯವನ ಮಾತು ಹಾಸ್ಯಕ್ಕಿಂತ ಆಳವಾಗಿತ್ತು ಎಂದು ಆಮೇಲೆ ಹೊಳೆಯಿತು. ಚಾಪ್ ಹುಟ್ಟಿದ್ದೇ ಡ್ರಮ್ ಇಲ್ಲದ ಜಾಗವನ್ನು ತುಂಬಲು. ಚರ್ಮವಾದ್ಯ ಇದ್ದ ಕಡೆ ಅದು ಬಾಗಿಲಿಗೆ ಎರಡನೆಯ ಚಿಲಕ. ಮನ್ರೋನ ಕೈಯನ್ನು ಹೇಗಿದೆಯೋ ಹಾಗೆ ತಂದು ಕಲಬುರಗಿಯ ಭಜನೆಯಲ್ಲಿ ಇಟ್ಟಿದ್ದೆ ನಾನು.

ಆ ಬೇಸಿಗೆಯಲ್ಲಿ ನಾನು ಮಾಡಿದ ಅಭ್ಯಾಸ ಇಷ್ಟೇ: ಅದೇ ಹಳೆಯ ಪಿಟೀಲು ಧಾಟಿಯನ್ನು ದಿನಕ್ಕೊಂದು ಶ್ರುತಿಯಂತೆ ಅರ್ಧ ಸ್ವರ ಮೇಲಕ್ಕೆ ಏರಿಸುತ್ತ ಹೋದದ್ದು. ಹನ್ನೆರಡು ದಿನಕ್ಕೆ ಒಂದು ಸುತ್ತು. ಮೊದಲ ದಿನ ಡಿ, ಖಾಲಿ ತಂತಿಗಳ ಹಬ್ಬ. ಎರಡನೆಯ ದಿನ ಇ ಫ್ಲಾಟ್, ಹಬ್ಬದ ಮರುದಿನ. ಖಾಲಿ ತಂತಿ ಮುಟ್ಟಬಾರದು ಎಂಬ ವ್ರತ. ಒಂದೇ ಧಾಟಿಯನ್ನು ತೋರುಬೆರಳಿನಿಂದ ಆರಂಭಿಸಿ ಒಮ್ಮೆ, ನಡುಬೆರಳಿನಿಂದ ಒಮ್ಮೆ, ಉಂಗುರ ಬೆರಳಿನಿಂದ, ಕಿರುಬೆರಳಿನಿಂದ. ತಂತಿಗಳೆಲ್ಲ ಪಂಚಮದ ಅಂತರದಲ್ಲೇ ಇರುವುದರಿಂದ ಒಂದು ಆಕಾರ ಕಲಿತರೆ ಪಕ್ಕದ ತಂತಿಗೂ ಅದೇ ಆಕಾರ ನಡೆಯುತ್ತದೆ. ಗಿಟಾರಿನಲ್ಲಿ ಈ ಸುಖವಿಲ್ಲ. ಅಲ್ಲಿ ಒಂದು ಜೋಡಿ ತಂತಿಗಳ ನಡುವೆ ಅಂತರ ಬೇರೆಯಾಗಿ ಆಕಾರ ಮುರಿಯುತ್ತದೆ.

ನುಡಿಸುವ ಮೊದಲು ಹಾಡಿಕೊಳ್ಳುವ ರೂಢಿ ಹಾಕಿಕೊಂಡದ್ದೂ ಆಗಲೇ. ಮ್ಯಾಂಡೊಲಿನ್ ವಾದಕ ಯು. ಶ್ರೀನಿವಾಸ್ ಅವರ ಗುರು ರುದ್ರರಾಜು ಸುಬ್ಬರಾಜು ಅವರಿಗೆ ಮ್ಯಾಂಡೊಲಿನ್ ಬರುತ್ತಿರಲಿಲ್ಲ. ಅವರು ಹಾಡುತ್ತಿದ್ದರು, ಹುಡುಗ ಅದನ್ನು ತಂತಿಯ ಮೇಲೆ ಹುಡುಕಿಕೊಳ್ಳುತ್ತಿದ್ದ. ಶ್ರೀನಿವಾಸ್ ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿ, ಕರ್ನಾಟಕ ಸಂಗೀತಕ್ಕೆ ಈ ವಾದ್ಯವನ್ನು ಒಗ್ಗಿಸಿ, 2014ರಲ್ಲಿ ನಲವತ್ತೈದಕ್ಕೇ ತೀರಿಹೋದರು. ಗಮಕಕ್ಕೆ ಜೋಡಿ ತಂತಿ ಅಡ್ಡಿಯೆಂದು ಅವರು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಹಿಡಿದರು. ಜಾಜ್ ಗಿಟಾರಿನ ಜಾನ್ ಮೆಕ್ಲಾಫ್ಲಿನ್ ಅವರೊಡನೆ ಜಗತ್ತು ಸುತ್ತಿದರು. ಎರಡು ಸಂಗೀತಗಳ ನಡುವೆ ಹೇಗೆ ಓಡಾಡಬೇಕು ಎಂದು ನಾನು ಕೆಂಟಕಿಯಲ್ಲಿ ಹುಡುಕುತ್ತಿದ್ದಾಗ, ಉತ್ತರ ಪಕ್ಕದ ಆಂಧ್ರದಲ್ಲೇ ಇತ್ತು. ಹಾಡಲು ಬಾರದ ಸ್ವರ ನನ್ನ ಬೆರಳಿಗೂ ಬರುತ್ತಿಲ್ಲ ಎಂಬುದು ಮೂರನೆಯ ದಿನಕ್ಕೇ ಗೊತ್ತಾಯಿತು. ಮಾಳಿಗೆಯ ಮೇಲೆ ನಾನು ಹಾಡುವುದು ಕೇಳಿ ನಮ್ಮವ್ವ, "ಅದಕ್ಕಿಂತ ಆ ಬಡಿಯುವುದೇ ವಾಸಿ," ಎಂದಳು.

ಕಲಬುರಗಿಯ ಮೇ ತಿಂಗಳ ಬಗ್ಗೆ ಹೇಳದೆ ಬಿಟ್ಟರೆ ವಾದ್ಯಕ್ಕೆ ಅನ್ಯಾಯ. ಬಿಸಿಲು ನಲವತ್ತಮೂರು ಡಿಗ್ರಿಗೆ ಏರಿದಾಗ ಗಾಳಿಯಲ್ಲಿ ನೀರಿನ ಪಸೆ ಇರುವುದಿಲ್ಲ. ಮರ ಒಣಗಿ ಕುಗ್ಗುತ್ತದೆ, ಮೆಟ್ಟುಗಳ ತುದಿಗಳು ಹೊರಗೆ ಚಾಚಿ ಅಂಗೈ ಕೆರೆಯುತ್ತವೆ, ಮೇಲಿನ ಹಲಗೆ ಸೀಳುವ ಭಯ. ಇದಕ್ಕೆ ಹೆದರಿ ಕೂಲರ್ ಇರುವ ಕೋಣೆಯಲ್ಲಿಟ್ಟರೆ ಅದು ಇನ್ನೊಂದು ಕಥೆ: ಒದ್ದೆ ಹುಲ್ಲಿನ ಮೂಲಕ ಬರುವ ಗಾಳಿಯ ತೇವವನ್ನು ಮರ ಕುಡಿದು ಉಬ್ಬುತ್ತದೆ, ತಂತಿ ಮೆಟ್ಟಿನಿಂದ ಮೇಲಕ್ಕೆದ್ದು ಬೆರಳಿಗೆ ಗಟ್ಟಿಯಾಗುತ್ತದೆ. ತಂಪಿನಲ್ಲಿ ಶ್ರುತಿ ಮಾಡಿ ಮಾಳಿಗೆಗೆ ಒಯ್ದರೆ ತಂತಿಗಳು ಬಿಸಿಗೆ ಹಿಗ್ಗಿ ಇಳಿಯುತ್ತವೆ. ಜೋಡಿ ತಂತಿಗಳು ಒಂದೇ ಪ್ರಮಾಣದಲ್ಲಿ ಇಳಿದರೆ ಕ್ಷಮಿಸಬಹುದಿತ್ತು. ಒಂದು ಇಳಿಯುತ್ತದೆ, ಇನ್ನೊಂದು ಅತ್ತೆಯ ಮನೆಯ ಮಗಳಂತೆ ಬಿಗಿದುಕೊಂಡೇ ಇರುತ್ತದೆ. ಕೊನೆಗೆ ಸಾಬೂನಿನ ಡಬ್ಬಿಗೆ ತೂತು ಕೊರೆದು, ಒದ್ದೆ ಸ್ಪಂಜಿಟ್ಟು, ಪೆಟ್ಟಿಗೆಯೊಳಗೆ ವಾದ್ಯದ ತಲೆಯ ಬಳಿ ಇಟ್ಟು ಮುಚ್ಚಿಡುವ ಉಪಾಯ ಮಾಡಿದೆ. ಎರಡು ದಿನಕ್ಕೊಮ್ಮೆ ಸ್ಪಂಜು ಒದ್ದೆ ಮಾಡುವುದು ಗಿಡಕ್ಕೆ ನೀರು ಹಾಕುವಷ್ಟೇ ನಿಯಮದ ಕೆಲಸವಾಯಿತು.

ಮೂರು ತಿಂಗಳು ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಷ್ಟರಲ್ಲಿ ಮೊದಲ ಮಳೆ ಬಿದ್ದು, ತೊಗರಿ ಬಿತ್ತನೆಗೆ ಹೊಲಗಳು ಹದವಾಗಿದ್ದವು. ಮಕ್ಕಳು ಮಾಡಿದ ಮಣ್ಣಿನ ಎತ್ತುಗಳು ಗುಡಿಯ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದವು. ಕಾಕಾ ತಾವೂ ಬರುತ್ತೇನೆ ಎಂದರು. ಏಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುತ್ಯಾ ಕುಳಿತರು. ಕರಿ ಎರಡು.

ಕರಿ ಎರಡರ ಷಡ್ಜ ಡಿ ತಂತಿಯ ಮೊದಲ ಮೆಟ್ಟಿನಲ್ಲಿದೆ, ಪಂಚಮ ಎ ತಂತಿಯ ಮೊದಲ ಮೆಟ್ಟಿನಲ್ಲಿದೆ. ಅಂದರೆ ಎರಡನ್ನೂ ತೋರುಬೆರಳೊಂದನ್ನೇ ಅಡ್ಡ ಮಲಗಿಸಿ ಹಿಡಿಯಬಹುದು. ಮೂರನೆಯದು, ಏಳನೆಯದು ಎಂಬ ಜಾಜ್‌ನ ಮೇಳಗಳನ್ನು ಈ ಪದಗಳ ಕೆಳಗೆ ತುರುಕುವ ಹುಚ್ಚು ನನಗಿರಲಿಲ್ಲ. ಅಲ್ಲಿಂದ ತೆಗೆದುಕೊಂಡದ್ದು ಮಿತವ್ಯಯ ಮಾತ್ರ. ಪಲ್ಲವಿಯ ಕೊನೆಯಲ್ಲಿ ಮುತ್ಯಾ ಉಸಿರು ತೆಗೆದುಕೊಳ್ಳುವಾಗ ಆ ಎರಡು ಸ್ವರಗಳನ್ನು ಒಮ್ಮೆ ಮೀಟಿ, ಅವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಬೆರಳು ಸಡಿಲಿಸಿದೆ. ಏಕತಾರಿಯ ಗುಂಯ್ ಉಳಿಯಿತು, ನನ್ನದು ಉಳಿಯಲಿಲ್ಲ. ನಾದವನ್ನು ನಿಲ್ಲಿಸುವುದನ್ನು ನನಗೆ ಕಲಿಸಿದ್ದು ಮಾತ್ರ ಚಾಪ್. ಕಾಕಾ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು; ನಿದ್ದೆಯೋ ಕೇಳುವಿಕೆಯೋ ಹೇಳುವುದು ಕಷ್ಟ.

ನಡುರಾತ್ರಿಯ ಮೇಲೆ ಬೇರೊಬ್ಬರು ಹಾಡಲು ಕುಳಿತರು. ಎಳೆಯ ಗಂಟಲು. "ಕರಿ ಮೂರು," ಎಂದರು. ಯುಗಾದಿಯ ಹೊತ್ತಿನಲ್ಲಾಗಿದ್ದರೆ ನಾನು ವಾದ್ಯವನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ. ಈಗ ತೋರುಬೆರಳು ಇದ್ದ ಹಾಗೇ ಮೂರು ಮೆಟ್ಟು ಮೇಲಕ್ಕೆ ಜಾರಿತು, ಉಳಿದ ಬೆರಳುಗಳು ಅದರ ಹಿಂದೆ ಹೋದವು. ಖಾಲಿ ತಂತಿಗಳ ನೆನಪೇ ಆಗಲಿಲ್ಲ. ಆ ಪದದ ನಡುವೆ ಒಮ್ಮೆ ದಮ್ಮಡಿಯವನು ನನ್ನ ಕಡೆ ನೋಡಿ, ಬೇಕೆಂದೇ ಒಂದು ಆವರ್ತ ಕೈ ಎತ್ತಿ ಸುಮ್ಮನಾದ. ತಾಳ ಮಾತ್ರ ಸಮಕ್ಕೆ ಬೀಳುತ್ತಿತ್ತು. ನಾನು ಎರಡಕ್ಕೆ ಚಕ್ ಎಂದೆ, ನಾಲ್ಕಕ್ಕೆ ಚಕ್ ಎಂದೆ. ಮುಂದಿನ ಸಮಕ್ಕೆ ಅವನ ಕೈ ಬಿತ್ತು, ನಾನು ಬಿಟ್ಟೆ.

ನಸುಕಿನಲ್ಲಿ ಸ್ಕೂಟರಿನ ಹಿಂದೆ ಕಾಕಾನನ್ನು ಕೂರಿಸಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಮಾತಿಲ್ಲ. ಅಂಗಳದಲ್ಲಿ ಇಳಿದು, ಧೋತರದ ಅಂಚು ಸರಿಮಾಡಿಕೊಂಡು, ಬಾಗಿಲಿನ ಅಗಳಿ ತೆಗೆಯುತ್ತ ಹೇಳಿದರು: "ಇ ತಂತಿಯ ಜೋಡಿ ಕೂಡಿರಲಿಲ್ಲ." ನಾನು ಅಲ್ಲೇ ಪೆಟ್ಟಿಗೆ ತೆರೆದು ಮೀಟಿ ನೋಡಿದೆ.

ಕೂಡಿರಲಿಲ್ಲ.